ಬಿರುಕಿಲ್ಲದ ಕೊಳವೆ

ಆ ಗಾಜಿನ ಕೊಳವೆಯಲ್ಲಿ ಬಿರುಕಿರಲಿಲ್ಲ, ಸುಜಾತಾ. ಇತ್ತು ಎಂದು ಅಪ್ಪನೆದುರು, ನಿನ್ನೆದುರು ಸುಳ್ಳು ಹೇಳಿದವನು ನಾನು — ನಿನ್ನ ಅಣ್ಣ.

ಎರಡು ಸಾವಿರದ ಒಂಬತ್ತನೇ ಇಸವಿ. ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದ ನೀನು, ನಿನ್ನ ಕೈಯಾರೆ ಬೆಳೆಸಿದ ಮೊದಲ ಹರಳನ್ನು ಅಮ್ಮನಿಗೆ ತೋರಿಸಲೆಂದು ದಿಬ್ಬೂರಹಳ್ಳಿಗೆ ತಂದಿದ್ದೆ. ಬಾಯಿ ಬೆಸೆದ ಕೊಳವೆಯೊಳಗೆ ಬೆಳ್ಳಿಯಂತೆ ಹೊಳೆಯುವ ಒಂದು ಚೂರು.

“ಇದಕ್ಕಾ ಇಷ್ಟು ವರ್ಷ ಓದಿದ್ದು? ಒಂದು ಮೂಗುಬೊಟ್ಟಿಗೂ ಆಗಲ್ವಲ್ಲೇ!” ಎಂದು ಅಮ್ಮ ನಕ್ಕಳು.

ನೀನು ರೇಷ್ಮೆಹುಳದ ಮನೆಯಲ್ಲಿ ಒಂದರ ಮೇಲೊಂದಿದ್ದ ತಟ್ಟೆಗಳನ್ನು ತೋರಿಸಿದೆ. “ಎಲೆಕ್ಟ್ರಾನುಗಳೂ ಹಿಂಗೇ ಅಂತಸ್ತಲ್ಲಿ ಇರ್ತವೆ ಕಣಮ್ಮ. ಇದರ ಒಳಗೆ ಕೆಳಗಿನ ಅಂತಸ್ತು ಭರ್ತಿ, ಮೇಲಿಂದು ಖಾಲಿ, ಹತ್ತಕ್ಕೆ ದಾರಿ ಇಲ್ಲ. ಅದಕ್ಕೇ ಒಳಗೆ ಕರೆಂಟು ಹರಿಯಲ್ಲ. ಮೈಮೇಲೆ ಮಾತ್ರ ಎರಡನ್ನೂ ಸೇರಿಸೋ ದಾರಿ ಇರ್ತದೆ. ಹೆಂಗೆ ಸೀಳಿದ್ರೂ ಹೊಸ ಮೈಮೇಲೆ ಆ ದಾರಿ ಬಂದೇ ಬರ್ತದೆ.”

ಏಳನೇ ಕ್ಲಾಸಿಗೆ ಓದು ಬಿಟ್ಟ ನನಗೂ ಅರ್ಥವಾಯಿತು. ಆಮೇಲೆ ನೀನು ಅಪ್ಪನಿಗೂ ಕೇಳುವಂತೆ ಒಂದು ಮಾತು ಸೇರಿಸಿದೆ — “ಒಡೆದ್ರೆ ಮಾತ್ರ ಮುಟ್ಟಬೇಡಿ. ಅದರಲ್ಲಿರೋ ಸೆಲೆನಿಯಮ್ ವಿಷ.” ಕೊಳವೆಯನ್ನು ಅಲ್ಲೇ ಕಿಟಕಿಯ ಮೇಲಿಟ್ಟು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕತೊಡಗಿದೆ.

ಆ ಸೊಪ್ಪು ತಂದವನು ನಾನು. ಚಿಂತಾಮಣಿಗೆ ಸಿನಿಮಾಕ್ಕೆ ಹೋಗುವ ಆತುರ. ದೂರದ ನಮ್ಮ ತೋಟಕ್ಕೆ ಹೋಗದೆ, ಪಕ್ಕದವರ ದ್ರಾಕ್ಷಿ ತೋಟಕ್ಕೆ ತಾಗಿದ ಸಾಲನ್ನೇ ಕೊಯ್ದೆ. ಹಿಂದಿನ ದಿನ ದ್ರಾಕ್ಷಿಗೆ ಔಷಧಿ ಹೊಡೆದಿದ್ದರು. ವಾಸನೆ ಬಂದಿತ್ತು — ಬಂದಿರಲಿಲ್ಲ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಬಂದಿತ್ತು.

ಗೂಡು ಕಟ್ಟಲು ಮೂರೇ ದಿನವಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಹುಳುಗಳು ತಲೆಯೆತ್ತಿ ಓಲಾಡುತ್ತ ಹಸಿರು ನೀರು ಕಕ್ಕುತ್ತಿದ್ದವು.

“ಯಾವ ವಿಷ ಬಿತ್ತೋ ನನ್ನ ಹುಳಕ್ಕೆ!” ಎಂದ ಅಪ್ಪನ ಕಣ್ಣು ಕಿಟಕಿಯತ್ತ ಹೋಯಿತು.

“ಅದು ಸೀಲ್ ಆಗಿದೆ ಅಪ್ಪ, ಗಾಳೀನೂ ಆಡಲ್ಲ,” ಎಂದೆ ನೀನು.

ಅಪ್ಪ ನನ್ನ ಕಡೆ ತಿರುಗಿದ. ಸೊಪ್ಪಿನ ವಿಷಯ ಕೇಳಿಬಿಟ್ಟರೆ —

“ಬಿರುಕು ಬಿಟ್ಟಿತ್ತು ಅಪ್ಪ. ನಾನೇ ನೋಡ್ದೆ.”

ನೀನು ಕೈ ಚಾಚಿದೆ. ಅಷ್ಟರಲ್ಲಿ ನಾನು ಅದನ್ನು ಟವೆಲಿನಲ್ಲಿ ಸುತ್ತಿದ್ದೆ. “ಮುಟ್ಟಬೇಡಮ್ಮ, ವಿಷ ಅಂತ ನೀನೇ ಹೇಳಿದ್ಯಲ್ಲ?” ಎಂದು ಹೇಳಿ, ಒಯ್ದು ಹುಣಸೆಮರದ ಬುಡದಲ್ಲಿ ಹೂತೆ.

ನೀನು ನಂಬಿದೆ. ಅಣ್ಣ ಸುಳ್ಳಾಡುತ್ತಾನೆಂದು ನಿನಗೆ ತೋಚಲೇ ಇಲ್ಲ. ಆಮೇಲೆ ನೀನು ಹರಳು ಬೆಳೆಸುವುದನ್ನೇ ಬಿಟ್ಟು, ಅವುಗಳೊಳಗಿನ ಎಲೆಕ್ಟ್ರಾನುಗಳ ದಾರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಹೋದೆ. ಯಾಕೆಂದು ಅಮ್ಮ ಕೇಳಿದಾಗ, “ಕೊಳವೆ ಹಿಡಿದ್ರೆ ಆ ಹುಳಗಳೇ ಕಣ್ಮುಂದೆ ಬರ್ತವಮ್ಮ,” ಎಂದೆ ನೀನು. ಅಲ್ಲೇ ಕೂತು ಉಣ್ಣುತ್ತಿದ್ದೆ ನಾನು. ತುತ್ತು ನುಂಗಿದೆ.

ಇಂದಿಗೂ ಊರಿಗೆ ಬಂದಾಗ ಕಾಲು ತೊಳೆದುಕೊಂಡು ಹುಳದ ಮನೆಯ ಹೊಸ್ತಿಲವರೆಗೆ ಬರುತ್ತೀಯ. ಒಳಗೆ ಬರುವುದಿಲ್ಲ. “ಹುಳ ಚೆನ್ನಾಗವಾ ಅಣ್ಣಯ್ಯ?” ಎಂದು ಆಚೆಯಿಂದಲೇ ಕೇಳುತ್ತೀಯ.

ಅಪ್ಪನಿಗೆ ಹೇಳಲಾಗಲಿಲ್ಲ. ಹೋಗಿಬಿಟ್ಟ.

ಮೊನ್ನೆ ಹುಣಸೆಮರದ ಬುಡ ಅಗೆದೆ. ಮಣ್ಣು ಒರೆಸಿ ಬಿಸಿಲಿಗೆ ಹಿಡಿದೆ. ಗಾಜಿನ ಮೇಲೆ ಒಂದು ಗೆರೆಯೂ ಇಲ್ಲ. ಒಳಗೆ ನಿನ್ನ ಹರಳು ಹಾಗೇ ಹೊಳೆಯುತ್ತಿದೆ. ನಾಳೆ ಮೊದಲ ಬಸ್ಸಿಗೆ ಅದನ್ನು ನಿನ್ನಲ್ಲಿಗೆ ತರುತ್ತೇನೆ. ಈ ಕಾಗದವನ್ನು ಓದಲು ಕೊಟ್ಟು ತಲೆ ತಗ್ಗಿಸುವುದಿಲ್ಲ — ಅವತ್ತು ಬಾಯಲ್ಲಿ ಹೇಳಿದ್ದನ್ನು ಬಾಯಲ್ಲೇ ತಿದ್ದಬೇಕು. ಕೊಳವೆಯನ್ನು ನಿನ್ನ ಕೈಗೆ ಕೊಟ್ಟು, ನೀನು ಬೆಳಕಿಗೆ ಹಿಡಿದು ನೋಡುವ ತನಕ ಎದುರಿಗೇ ನಿಂತಿರುತ್ತೇನೆ.