ಕಾಳಪ್ಪನ ಅಂಗೈ ಭಂಡಾರ

ನಮ್ಮೂರಲ್ಲಿ ಕಾಳಪ್ಪ 'ಬೇಡ' ಎಂದರೆ ಮುಗಿಯಿತು. ಕೃಷ್ಣಾ ಮಂಡಲದ ಈ ಊರಿನಲ್ಲಿ ಬೋರು ಕೊರೆಸುವವರು, ಹೆಣ್ಣು ನೋಡಲು ಹೊರಟವರು, ಕೊನೆಗೆ ಹಳೇ ಟ್ರ್ಯಾಕ್ಟರ್ ಕೊಳ್ಳುವವರೂ ಮೊದಲು ಈ ಕುರಿಗಾರನ ಅಂಗಳಕ್ಕೆ ಬರುತ್ತಾರೆ. ಅವನು ಮೈಲಾರಲಿಂಗನ ಭಂಡಾರವನ್ನು, ಅಂದರೆ ಅರಿಶಿನ ಪುಡಿಯನ್ನು, ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಾನೆ. ಹೆಚ್ಚಿನ ಸಲ ಬೇಡ ಎಂದೇ ಹೇಳುತ್ತಾನೆ. ಬೇಡ ಎಂದ ಕೆಲಸವನ್ನು ಯಾರೂ ಮಾಡುವುದಿಲ್ಲ, ಹಾಗಾಗಿ ಅವನ ಮಾತು ಸುಳ್ಳಾಗುವ ಪ್ರಸಂಗವೇ ಇಲ್ಲ. ನಾನೂ ಒಮ್ಮೆ ಅಂಗಡಿ ಹಾಕಲೇ ಎಂದು ಕೇಳಿ ಬೇಡ ಎನ್ನಿಸಿಕೊಂಡು ಬಂದವನು. ಅದೇ ಜಾಗದಲ್ಲಿ ಈಗ ಶ್ರೀನಿವಾಸುಲು ಅಂಗಡಿ ಇಟ್ಟು ಚೆನ್ನಾಗಿದ್ದಾನೆ. ಅವನು ಹೊರಗಿನ ಉಟ್ಕೂರಿನಿಂದ ಬಂದವನು, ಕಾಳಪ್ಪನನ್ನು ಕೇಳುವ ರೂಢಿ ಅವನಿಗಿಲ್ಲ.

ಕಾಳಪ್ಪನಿಗೆ ದೇವರ ಮಾತು ಆಡುವವನೆಂಬ ಹೆಸರು ಬಂದದ್ದು ಹೊಳೆಯಿಂದ. ವರ್ಷಗಳ ಹಿಂದೆ ಒಂದು ಬೇಸಿಗೆಯ ಸಂಜೆ ಕುರಿಗಾರರೆಲ್ಲ ಬತ್ತಿದ ಕೃಷ್ಣೆಯನ್ನು ದಾಟಿ ಆಚೆ ದಡದಲ್ಲಿ ಮಂದೆ ನಿಲ್ಲಿಸಲು ಹೊರಟಿದ್ದರು. ಕಾಳಪ್ಪ ಮಾತ್ರ ಅಂಗೈಯಲ್ಲಿ ಭಂಡಾರ ಹಿಡಿದು ಈಚೆ ದಡದಲ್ಲೇ ಕೂತುಬಿಟ್ಟ. ಕಾರಣ ಕೇಳಿದರೆ ಗೊತ್ತಿಲ್ಲ ಎಂದ. ಅವನು ಏಳದ್ದರಿಂದ ಉಳಿದವರೂ ಬೈಯುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು ಹೊಳೆ ತುಂಬ ಬಂತು. ಅಂದಿನಿಂದ ಅವನ ಅನುಮಾನವೆಲ್ಲ ದೇವರ ಅಪ್ಪಣೆಯಾಯಿತು.

ಈ ವರ್ಷ ಸರದಿ ಅವನ ಹೆಂಡತಿ ಬಾಲಮ್ಮನದು. ಪಿತ್ತಕೋಶದಲ್ಲಿ ಕಲ್ಲಾಗಿ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದಳು. ಆಪರೇಷನ್ ಮಾಡಿಸದಿದ್ದರೆ ಜೀವಕ್ಕೆ ಅಪಾಯ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ದಿನ ಗೊತ್ತಾದಾಗಲೆಲ್ಲ ಕಾಳಪ್ಪ ಬೇಡ ಎಂದ. ಕೊನೆಗೆ ಮಗ ಅಂಜನಕುಮಾರ್ ಒಂದು ಬೆಳಿಗ್ಗೆ ಆಟೋವನ್ನೇ ಬಾಗಿಲಿಗೆ ತಂದು ನಿಲ್ಲಿಸಿದ. ನಾವೆಲ್ಲ ಸೇರಿದೆವು. ಕಾಳಪ್ಪ ಭಂಡಾರ ಹಿಡಿದು ಕಣ್ಣು ಮುಚ್ಚಿ, ಮತ್ತೆ ಬೇಡ ಎಂದ. ಅಂಜನಕುಮಾರ್ ಆಟೋ ಬಂದ್ ಮಾಡಿದ. ನನಗೆ ಮೈಯೆಲ್ಲ ಉರಿಯಿತು, ಆದರೆ ದೇವರ ಮಾತು ಮೀರಿ ಬಾಯಿ ಬಿಡುವ ಧೈರ್ಯ ನನಗೂ ಇರಲಿಲ್ಲ.

ಬಾಲಮ್ಮ ಗೋಡೆ ಹಿಡಿದು ಎದ್ದು ನಿಂತಳು.

"ಖರೇ ಹೇಳ್ರಿ. ಬ್ಯಾಡ ಅನ್ನಾಕತ್ತಿದ್ದು ಮೈಲಾರಲಿಂಗನೋ, ನೀವೋ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಾಳಪ್ಪ ಅಂಗೈ ಬಿಚ್ಚಿ ನೋಡಿಕೊಂಡ. ಭಂಡಾರ ಬೆವರಿಗೆ ನೆನೆದು ಮುದ್ದೆಯಾಗಿ ಅಂಟಿತ್ತು. ನಾವು ಪ್ರತಿ ಸಲ ನೋಡಿದ್ದೂ ಹಾಗೆಯೇ. ದೇವರು ಕೈಗೆ ಬಂದ ಗುರುತು ಅದು ಎಂದುಕೊಂಡಿದ್ದೆವು.

"ಹೊಳಿ ದಂಡಿಗೆ ಕುಂತ ದಿನ ಇದು ಒಣಗಿತ್ತು," ಎಂದ. "ಊದಿದ್ರ ಹಾರತಿತ್ತು. ಅವತ್ತು ನನಗ ಅಂಜಿಕಿನೇ ಇರಲಿಲ್ಲ. ಏಳಾಕ ಮನಸು ಬರಲಿಲ್ಲ, ಅಷ್ಟ. ಅದು ಒಂದ ಸಲ ಬಂತು, ಆಮ್ಯಾಲೆ ಬಂದಿಲ್ಲ."

ಊರಿನ ಎಷ್ಟೋ ಬೋರು, ಎಷ್ಟೋ ಸಂಬಂಧ ಬರೀ ಅವನ ಅಂಜಿಕೆಗೆ ತಪ್ಪಿಹೋಗಿದ್ದವೆಂದು ಆ ಒಂದು ಮಾತಿನಲ್ಲಿ ಗೊತ್ತಾಯಿತು. ನಾನು ಶ್ರೀನಿವಾಸುಲು ಅಂಗಡಿಯ ಕಡೆ ನೋಡಿದೆ.

"ಮತ್ತ ಇದು?" ಎಂದಳು ಬಾಲಮ್ಮ.

"ಇದು ನಂದು. ನೀ ಇಲ್ಲದ ಮನಿ ನೆನಿಸಿಕೊಂಡ್ರ ಕೈ ಬೆವರತೈತಿ."

ಬಾಲಮ್ಮ ಅವನ ಕೈ ಹಿಡಿದು, ಆ ಹಸಿ ಭಂಡಾರವನ್ನು ಬೆರಳಿನಿಂದ ಬಳಿದು ಹಣೆಯ ತುಂಬ ಹಚ್ಚಿಕೊಂಡಳು. ಆಮೇಲೆ ಆಟೋ ಶುರು ಮಾಡಲು ಮಗನಿಗೆ ಹೇಳಿದಳು. ಕಾಳಪ್ಪನೂ ಹತ್ತಿದ.

ವಾರದ ಮೇಲೆ ಬಾಲಮ್ಮ ಮನೆಗೆ ಬಂದಳು. ನಗು ಬಂದರೆ ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ನಮಗೆಲ್ಲ ಆಸ್ಪತ್ರೆಯ ಸುದ್ದಿ ಹೇಳಿದಳು. ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಮುಂಚೆ ನರ್ಸ್ ಹತ್ತಿ ಒದ್ದೆ ಮಾಡಿ ಹಣೆಯನ್ನು ಎಷ್ಟು ಒರೆಸಿದರೂ ಆ ಹಳದಿ ಪೂರ್ತಿ ಹೋಗಲಿಲ್ಲವಂತೆ.