ಅಪ್ಪನನ್ನು ಬೆಟ್ಟಕ್ಕೆ ಕರೆದೊಯ್ದವನು

ಕಳೆದ ಶನಿವಾರ ಹಳೆಯ ಸೂಟ್‌ಕೇಸು ತೆರೆದು ಅಪ್ಪ ಬಿಟ್ಟುಹೋಗಿದ್ದ ಬೂದು ಜಾಕೆಟ್ಟನ್ನು ಒದರಿದೆ. ಕಿಸೆಯಿಂದ ಒಣಗಿದ ಎಲೆಯ ಚೂರುಗಳು ಉದುರಿದವು. ಪಲಾವ್ ಎಲೆಯದೇ ವಾಸನೆ, ಆದರೆ ಅಂಗಡಿಯದಕ್ಕಿಂತ ಘಾಟು ಹೆಚ್ಚು. ಇಲ್ಲಿಯ ಬೆಟ್ಟಗಳಲ್ಲಿ ಆ ಮರ ತಾನಾಗಿ ಬೆಳೆಯುತ್ತದೆ. ಆ ವಾಸನೆಗೆ ಅಪ್ಪ ನೆನಪಾಗಬೇಕಿತ್ತು. ನೆನಪಾದದ್ದು ಪಕ್ಕದ ಮನೆಯ ಆ ಮನುಷ್ಯ. ಮೈಯೆಲ್ಲ ಉರಿಯಿತು.

ಅಪ್ಪ ಇಲ್ಲಿಗೆ ಬಂದಿದ್ದ ಕಾಲಕ್ಕೆ ನಾವು ಹೇವರ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಆತ ಧಾರವಾಡದ ಕಡೆಯವನು, ಕೆಲಸದಿಂದ ನಿವೃತ್ತನಾಗಿ ಮಗಳ ಮನೆಯಲ್ಲಿದ್ದ. ಆರು ತಿಂಗಳಿಗೆಂದು ಬಂದು ಹೋಗುವ ಅಪ್ಪ ಅಮ್ಮಂದಿರ ಸಾಲಿನವನಲ್ಲ. ಗ್ರೀನ್ ಕಾರ್ಡಿತ್ತು, ಡ್ರೈವಿಂಗ್ ಲೈಸೆನ್ಸಿತ್ತು, ಎರಡರ ಜಂಬವೂ ಇತ್ತು. ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು. ಕಾಂಪ್ಲೆಕ್ಸಿಗೆ ಯಾರ ತಂದೆ ತಾಯಿ ಬಂದಿಳಿದರೂ ಅವರ ನಿದ್ದೆ ಒಂದು ಹದಕ್ಕೆ ಬರುವ ಮೊದಲೇ ವಾಕಿಂಗಿಗೆ ಕರೆಯಲು ಹೋಗಿ ಬಾಗಿಲು ಬಡಿಯುತ್ತಿದ್ದ. ಒಮ್ಮೆ ನಮ್ಮ ಅಡುಗೆಮನೆಗೇ ನುಗ್ಗಿ, ಮಸಾಲೆ ಡಬ್ಬಿಯ ಮುಚ್ಚಳ ತೆಗೆದು, "ಈ ಎಲಿ ಗ್ರೋಸರಿಯಿಂದ ತರ್ತೀರೇನ್ರಿ? ಗುಡ್ಡದಾಗ ಬೇಕಾದಷ್ಟು ಅದಾವಲ್ರಿ" ಎಂದು ನನಗೆ ಬುದ್ಧಿ ಹೇಳಿದ್ದ. ಕರೆಯದೆ ಬಂದು ಡಬ್ಬಿ ತೆರೆಯುವವರನ್ನು ಕಂಡರೆ ನನಗೆ ಇವತ್ತಿಗೂ ಆಗದು.

ಅಪ್ಪ ಮಂಡ್ಯದ ಮರದ ಡಿಪೋದಲ್ಲಿ ದುಡಿದವರು. ದಿಮ್ಮಿಗಳನ್ನು ಅಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕುವ ಕೆಲಸ. ಜೀವಮಾನವೆಲ್ಲ ಅವರು ಮುಟ್ಟಿದ್ದು ಕಡಿದು ಕೆಡವಿದ ಮರಗಳನ್ನೇ. ಸಾಂತಾ ಕ್ರೂಜ್ ಬೆಟ್ಟಗಳ ನಡುವೆ ಒಂದು ಸಣ್ಣ ಊರಿದೆ. ಕತ್ತು ನೋಯುವಷ್ಟು ಎತ್ತರದ ರೆಡ್‌ವುಡ್ ಮರಗಳು, ಅವುಗಳ ಸಂದಿಯಲ್ಲಿ ಏದುಸಿರು ಬಿಡುತ್ತಾ ಹತ್ತುವ ಉಗಿಯ ರೈಲು, ನಡೆದಾಡಲು ಕಾಲುದಾರಿ... ಮೊದಲ ಸಲ ಹೋದಾಗಲೇ ಅಂದುಕೊಂಡಿದ್ದೆ, ಅಪ್ಪನನ್ನು ಈ ಮರಗಳ ಕೆಳಗೆ ನಿಲ್ಲಿಸಿ ಅವರ ಮುಖ ನೋಡಬೇಕು, ಏನನ್ನುತ್ತಾರೆ ಕೇಳಬೇಕು ಎಂದು. ಈ ದೇಶದಲ್ಲಿ ನನಗೆಂದೇ ಇಟ್ಟುಕೊಂಡಿದ್ದ ಆಸೆ ಅದೊಂದೇ.

ಅಪ್ಪನಿಗೆ ವೀಸಾ ಸಿಕ್ಕಿತು, ಬಂದರು. "ನಿಮಗೊಂದು ಜಾಗ ತೋರಿಸ್ಬೇಕು, ರಜಾ ಸಿಗ್ಲಿ" ಎಂದಷ್ಟೇ ಹೇಳಿದ್ದೆ. ಮಂಡಿ ನೋವಿತ್ತು, ಇನ್ಶೂರೆನ್ಸನ್ನು ನಂಬುವ ಹಾಗಿರಲಿಲ್ಲ. ಅದಕ್ಕೇ ದೂರ ಎಲ್ಲೂ ಹೋಗಬೇಡಿ ಎಂದೂ ಹೇಳಿದ್ದೆ. ನಾವು ಆಫೀಸಿನಿಂದ ಬರುವ ಹೊತ್ತಿಗೆ ಅಪ್ಪ ಸೋಫಾದಲ್ಲಿ ಕೂತಿರುತ್ತಿದ್ದರು. "ಪಕ್ಕದ್ ಮನೆಯವರ್ ಜೊತೆ ವಾಕಿಂಗ್ ಹೋಗ್ಬುಟ್ ಬಂದೆ ಕಣವ್ವ" ಎನ್ನುತ್ತಿದ್ದರು. ಶೂಗೆ ಕೆಂಪು ಮಣ್ಣು ಮೆತ್ತಿರುತ್ತಿತ್ತು. ಪಕ್ಕದ ಪಾರ್ಕಿನದಿರಬೇಕು ಎಂದುಕೊಂಡೆ.

ಕೊನೆಗೂ ಆ ದಿನ ಬಂತು. ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಕಾರು ಫ್ರೀವೇ ಬಿಟ್ಟು ಬೆಟ್ಟದ ತಿರುವುಗಳಿಗೆ ಹೊರಳುತ್ತಲೇ ಅಪ್ಪನ ಮಾತು ನಿಂತಿತು. ತಲೆ ಸುತ್ತುತ್ತಿದೆಯೇನೋ ಎಂದು ನಿಂಬೆಹಣ್ಣು ಕೊಟ್ಟೆ. ರೈಲಿನ ಟಿಕೆಟ್ ಕೊಡುವ ಹೆಂಗಸು ಅಪ್ಪನನ್ನು ಕಂಡದ್ದೇ ಕೈಬೀಸಿ, ಮತ್ತೆ ಬಂದಿರಾ, ಸೀಟಿಯ ಗೆಳೆಯರು ಎಲ್ಲಿ ಎಂದು ನಗುತ್ತಾ ಕೇಳಿದಳು. ಅಪ್ಪ ನನ್ನ ಕಡೆ ನೋಡಲಿಲ್ಲ. ಅವಳಿಗೆ ಕೈಮುಗಿದರು, ಅಷ್ಟೇ.

ಮರಗಳ ಕೆಳಗೆ ನಿಂತಾಗ, "ಅಬ್ಬಬ್ಬಾ, ಎಷ್ಟ್ ಎತ್ರ ಅದೆ ಕಣವ್ವ!" ಎಂದರು. ತಲೆ ಎತ್ತುವ ಮೊದಲೇ ಎಂದರು. ನನ್ನ ಮನಸ್ಸು ನೋಯದಿರಲಿ ಎಂದು ಆಡಿದ ನಾಟಕ. ನಾಟಕ ಆಡಿ ಅಭ್ಯಾಸವೇ ಇರದ ಜೀವ. ನಾನೂ ಹೂಂ ಎಂದೆ. ಪುಳಿಯೋಗರೆಯ ಗಂಟು ಬಿಚ್ಚಿದೆ.

ಅವತ್ತು ಸಂಜೆ ಅಂಚೆಪೆಟ್ಟಿಗೆಗಳ ಹತ್ತಿರ ಆತ ಸಿಕ್ಕಿದ.

"ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ವಾ ಅಂಕಲ್?" ಎಂದೆ.

"ಅವರೇನು ಸಣ್ಣ ಹುಡುಗರೇನ್ರಿ ತಂಗಿ, ನಿಮ್ಮನ್ನ ಕೇಳಾಕ? ನಾಲ್ಕು ಗ್ವಾಡಿ ನಡಕ ಕುಂತು ಕುಂತು ಬ್ಯಾಸತ್ತಿದ್ರು. ಕರಕೊಂಡು ಹ್ವಾದೆ."

ನನ್ನ ಮೋರೆ ಹೇಗಿತ್ತೋ, ಆತನಿಗೆ ಅದರ ಪರಿವೆಯೇ ಇಲ್ಲ. ಸೀಟಿ ಸವರುತ್ತಾ, "ಆ ಮರಾ ನೋಡಿ ನಿಮ್ಮಪ್ಪಾರು ಏನಂದ್ರು ಗೊತ್ತೇನ್ರಿ?" ಎಂದು ಶುರುಮಾಡಿದ.

"ನನಗೆ ಬೇಕಾಗಿಲ್ಲ" ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ನಾನು ಕಿವಿಯಾರೆ ಕೇಳಬೇಕಿದ್ದ ಮಾತನ್ನು ಆತನ ಬಾಯಿಂದ ಕೇಳುವಷ್ಟು ನಾನು ಬಿದ್ದಿರಲಿಲ್ಲ. ಆಮೇಲೆ ಎದುರಾದಾಗಲೆಲ್ಲ ಮುಖ ತಿರುಗಿಸಿದೆ. ಆತನೂ ಮಗಳೂ ಮನೆ ಕೊಂಡು ಮಾರ್ಗನ್ ಹಿಲ್‌ಗೆ ಹೋದ ದಿನ ಪೀಡೆ ತೊಲಗಿತು ಎಂದು ಪಾಯಸ ಮಾಡಿದೆ. ಸುಳ್ಳೇಕೆ ಹೇಳಲಿ, ಮಾಡಿದೆ.

ಅಪ್ಪ ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಒಮ್ಮೆ ಕೇಳಿದೆ, ಮೊದಲ ಸಲ ಆ ಮರ ನೋಡಿದಾಗ ಏನಂದಿರಿ ಎಂದು. "ಏನಂದ್ನೋ ಏನೋ... ನೆಪ್ಪಿಲ್ಲ ಕಣವ್ವ" ಎಂದು ನಕ್ಕರು. ಮರುವರ್ಷ ಅಪ್ಪ ಹೋಗಿಬಿಟ್ಟರು.

ಶನಿವಾರ ಆ ಎಲೆ ಗುಡಿಸಿ ಹಾಕಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆತನ ನಂಬರು ಹುಡುಕಿ ಫೋನು ಮಾಡಿದೆ. ರಾಜಿಗೆಂದಲ್ಲ. ಹೇಗಿದ್ದೀರಿ ಎಂದೂ ಕೇಳದೆ, ಅವತ್ತು ಹೇಳಹೊರಟದ್ದನ್ನು ಹೇಳಿ ಎಂದು ಕೇಳಿ, ತಿಳಿದುಕೊಂಡು, ಫೋನಿಡುವುದೆಂದು ತೀರ್ಮಾನಿಸಿದ್ದೆ. ಎತ್ತಿದವಳು ಮಗಳು.

"ಅಪ್ಪಾ ತೀರಿಕೊಂಡ್ರಲ್ರಿ... ನಿಮಗ ಗೊತ್ತಾಗ್ಲಿಲ್ಲೇನು?"

ಆಡಬೇಕಾದ ನಾಲ್ಕು ಮಾತು ಆಡಿದೆ. ಆಮೇಲೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ನಮ್ಮಪ್ಪ ಬೆಟ್ಟದಲ್ಲಿ ಏನೋ ಅಂದದ್ದನ್ನು ಅವರು ಮನೆಯಲ್ಲಿ ಯಾವಾಗಲಾದರೂ ಹೇಳಿದ್ದರೇ ಎಂದು.

"ಗುಡ್ಡಾ, ಮರಾ, ರೈಲು ಅಂತ ಏನೇನೋ ಹೇಳ್ತಿದ್ರು ರಿ. ಖರೇ ಹೇಳಬೇಕಂದ್ರ, ಮನ್ಯಾಗ ಯಾರೂ ಕಿವಿಗೆ ಹಾಕ್ಕೋತಿರಲಿಲ್ಲ. ನನಗ ಆಫೀಸು, ಮೀಟಿಂಗು..." ಎಂದಳು.

ಫೋನಿಟ್ಟು ಕುಳಿತೆ. ಅಪ್ಪ ಇಲ್ಲ. ಆ ಮರಗಳ ಕೆಳಗೆ ಅಪ್ಪ ಏನಂದರು ಎಂದು ಬಲ್ಲವನೂ ಈಗ ಇಲ್ಲ. ಮೊದಲು ನೋಡಿದ ಗಳಿಗೆಯನ್ನು ನನ್ನಿಂದ ಕಸಿದುಕೊಂಡ, ಈಗ ಆ ಒಂದು ಮಾತನ್ನೂ ಜೊತೆಗೇ ಒಯ್ದ. ಕೋಪ ಹಾಗೇ ಇದೆ, ಒಂದಿಷ್ಟೂ ಇಳಿದಿಲ್ಲ. ಬೈಯುವುದಕ್ಕಾದರೂ ಆತ ಇರಬೇಕಿತ್ತು.