ಸೊನ್ನೆಯಲ್ಲಿ ಕೂತ ಗಣಪತಿ

ಡಿಗ್ರಿ ಮುಗಿಸಿ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡುತ್ತೇನೆಂದರೆ ಕೊಡಿಗೇಹಳ್ಳಿಯ ನಮ್ಮ ದೊಡ್ಡ ಕುಟುಂಬದಲ್ಲಿ ಅದಕ್ಕೆ ‘ಕಂಪ್ಯೂಟರ್ ಆಟ’ ಎಂದೇ ಹೆಸರು. ಆಟ ಆಡುವ ಹುಡುಗಿಯನ್ನು ಯಾವ ಹೊತ್ತಿಗಾದರೂ ಕರೆಯಬಹುದು: ಹಾಲು ಉಕ್ಕುತ್ತಿದೆ ನೋಡು, ನೆಂಟರು ಬಂದಿದ್ದಾರೆ ಬಾ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾಗಿ ದೊಡ್ಡಪ್ಪ ತಮ್ಮ ಹೊಸ ಛತ್ರಕ್ಕೆ ವೆಬ್‌ಸೈಟ್ ಬೇಕೆಂದಾಗ ನಾನೇ ಮಾಡುತ್ತೇನೆಂದು ಹಟ ಹಿಡಿದೆ.

“ಸರಿ, ಮಾಡು. ನೆಟ್ಟಗೆ ಬಂದ್ರೆ ಇದೂ ಒಂದು ಕೆಲ್ಸ ಅಂತ ಒಪ್ಕೊಂತೀನಿ. ಇಲ್ದಿದ್ರೆ ಫ್ಲೆಕ್ಸ್ ಅಂಗಡಿಯೋನ್ಗೆ ಕೊಡ್ತೀನಿ,” ಎಂದರು.

ಛತ್ರದ ಫೋಟೊಗಳು ಒಂದಾದ ಮೇಲೊಂದು ತಾವೇ ಸರಿಯಬೇಕು. ಅದಕ್ಕೆಂದು ವೆಬ್‌ಸೈಟಿಗೆ ಸಿಕ್ಕಿಸುವ ಪುಟ್ಟ ಪ್ರೋಗ್ರಾಂ, ಒಂದು ಪ್ಲಗಿನ್ ಬರೆದೆ. ಮೊದಲು ಬಾಗಿಲ ಗಣಪತಿ, ಆಮೇಲೆ ಮಂಟಪ, ಊಟದ ಹಾಲ್, ಕೈ ತೊಳೆಯುವ ಜಾಗ. ದೊಡ್ಡಪ್ಪ ಕನ್ನಡಕ ಏರಿಸಿ ಕೂತರು. ಮಂಟಪ ಬಂತು, ಊಟ ಬಂತು, ಕೈ ತೊಳೆದದ್ದೂ ಆಯಿತು. ಗಣಪತಿ ಮಾತ್ರ ನಾಪತ್ತೆ.

“ಇದೇನಮ್ಮಾ ಇಂಗೆ? ವಿಘ್ನೇಶ್ವರನ್ನೇ ಬಿಟ್ಬಿಟ್ಟಿದ್ದೀಯಲ್ಲ!”

ಕಂಪ್ಯೂಟರ್ ಎಣಿಸುವುದು ಸೊನ್ನೆಯಿಂದ. ನಾನು ಮನುಷ್ಯರ ಹಾಗೆ ಒಂದರಿಂದ ಶುರು ಮಾಡಿಸಿದ್ದೆ. ಸೊನ್ನೆಯಲ್ಲಿ ಕೂತ ಗಣಪತಿಯನ್ನು ಯಾರೂ ಕರೆದೇ ಇರಲಿಲ್ಲ. ಇದನ್ನು ವಿವರಿಸಿದ್ದೇ ತಪ್ಪಾಯಿತು.

“ಗಣಪತಿ ಸೊನ್ನೆನಾ?” ಎಂದು ದೊಡ್ಡಪ್ಪ ಇನ್ನಷ್ಟು ಕೆಂಪಾದರು.

ಸರಿಪಡಿಸಿದೆ. ಗಣಪತಿ ಬಂದ. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, ಎದ್ದು, ಕೈ ಮುಗಿಯುವಷ್ಟರಲ್ಲಿ ಊಟದ ಹಾಲ್ ಬಂದಿತ್ತು. ಅವರ ನಮಸ್ಕಾರ ಸಾರಿನ ಬಕೆಟ್ಟಿಗೆ ಸಂದಿತು.

ಮೊದಲ ಚಿತ್ರ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿದೆ. ನಮಸ್ಕಾರವೇನೋ ಸರಿಹೋಯಿತು, ಆದರೆ ಕೊನೆಯ ಚಿತ್ರ ಮುಗಿದೊಡನೆ ಗಣಪತಿ ಮತ್ತೆ ಪ್ರತ್ಯಕ್ಷ. ದೊಡ್ಡಪ್ಪ ಮತ್ತೆ ಎದ್ದರು. ಕೂತರು, ಎದ್ದರು. ಮೊದಲೇ ಮಂಡಿನೋವಿನ ಮನುಷ್ಯ.

“ನಿಲ್ಸೇ ಅದನ್ನ, ನಿಮ್ಮ ದೊಡ್ಡಪ್ಪ ಬಿದ್ದುಗಿದ್ದಾರು!” ಎಂದು ದೊಡ್ಡಮ್ಮ ಅಡುಗೆಮನೆಯಿಂದ ಕೂಗಿದರು.

ಚಿತ್ರಗಳು ಒಂದೇ ಸುತ್ತು ಬಂದು ಕೈ ತೊಳೆಯುವ ಜಾಗದಲ್ಲಿ ನಿಲ್ಲುವಂತೆ ಮಾಡಿದೆ. ದೊಡ್ಡಪ್ಪ ಬೆವರು ಒರೆಸಿಕೊಂಡು ಛತ್ರದ ಕಡೆ ಹೊರಟುಹೋದರು. ಮೆಚ್ಚಿದರೋ ಇಲ್ಲವೋ ತಿಳಿಯದೆ ನಾನು ಸಪ್ಪಗಾದೆ.

ಮರುದಿನ ಮಧ್ಯಾಹ್ನ ಸಹಕಾರನಗರದ ಅತ್ತೆ ಬಂದವರೇ ಬಾಗಿಲಿನಿಂದಲೇ ನನ್ನನ್ನು ಕೂಗಿದರು. ತಕ್ಷಣ ಜಗಲಿಯಿಂದ ದೊಡ್ಡಪ್ಪನ ದನಿ ಕೇಳಿತು.

“ಶ್! ಕರೀಬೇಡ. ಹುಡುಗಿ ಕೆಲ್ಸ ಮಾಡ್ತಾವ್ಳೆ.”

ಒಳಗೆ ಕೂತಿದ್ದ ನನಗೆ ಎದೆ ತುಂಬಿ ಬಂತು. ಮೌಸ್ ಹಿಡಿದ ಕೈ ಹಾಗೇ ನಿಂತಿತು. ಅಷ್ಟು ದಿನದಲ್ಲಿ ಅವತ್ತೊಂದು ದಿನ ನಾನು ನಿಜಕ್ಕೂ ಕಂಪ್ಯೂಟರಿನಲ್ಲಿ ಇಸ್ಪೀಟ್ ಆಡುತ್ತಿದ್ದೆ.